ಎಂಜಿನಿಯರಮ್ಮ ಉರಿಸಿಟ್ಟ ಲೈಟು

"ಟಕ್... ಟಕ್... ಟಕ್..."

ಶಾಲೆಗೆ ಹೊರಡುವ ಹೊತ್ತಿಗೆ ಅಜ್ಜಿ ಎಷ್ಟು ಸಲ ಕೀ ತಿರುಗಿಸಿದರೂ ಕಾರು ಅಷ್ಟೇ ಹೇಳಿತು. ಹಾರ್ನ್ ಒತ್ತಿದರೆ ನೆಗಡಿಯಾದ ಬೆಕ್ಕಿನ ಹಾಗೆ ಕೂಗಿತು.

"ಯಾರೂ ಮುಟ್ಬೇಡಿ! ನಾನು ನೋಡ್ತೀನಿ," ಎನ್ನುತ್ತಾ ಹಿಂದಿನ ಸೀಟಿನಿಂದ ಇಳಿದವಳು ಐದನೇ ಕ್ಲಾಸಿನ ಎಂಜಿನಿಯರಮ್ಮ. ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸಿ, ಎರಡು ಸ್ಕ್ರೂ ಉಳಿಸಿದ ದಿನ ಮನೆಯವರು ತಮಾಷೆಗೆ ಇಟ್ಟ ಹೆಸರು ಅದು. ಅವಳು ಮಾತ್ರ ಅದನ್ನು ಬಿರುದು ಎಂದೇ ತಿಳಿದಿದ್ದಳು.

ಅಪ್ಪ ಬಾನೆಟ್ ಎತ್ತಿದರು. ಅವಳು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು.

"ಬ್ಯಾಟರಿ ವೈರ್ ಲೂಸಾಗಿದೆ. ಇಲ್ಲಾಂದ್ರೆ ವೈರಿನ ತುದಿಗೆ ಬಿಳಿ ಪುಡಿ ಹಿಡಿದಿದೆ."

ವೈರ್ ಬಿಗಿಯಾಗಿತ್ತು. ಬಿಳಿ ಪುಡಿಯ ಸುಳಿವೇ ಇರಲಿಲ್ಲ.

"ಹಾಗಾದ್ರೆ ಫ್ಯೂಸು!"

ಫ್ಯೂಸೂ ಸರಿಯಾಗಿತ್ತು. ಅಪ್ಪ ಕಾರಿನೊಳಗೆ ತಲೆ ಹಾಕಿದರು. "ಅಮ್ಮಾ, ಇಲ್ನೋಡು. ಒಳಗಿನ ಲೈಟಿನ ಸ್ವಿಚ್ ಆನ್‌ನಲ್ಲೇ ಇದೆ. ರಾತ್ರಿಯೆಲ್ಲಾ ಉರಿದು ಬ್ಯಾಟರಿ ಇಳಿದುಹೋಗಿದೆ."

ಎಂಜಿನಿಯರಮ್ಮ ಬಾನೆಟ್ಟಿನಿಂದ ತಲೆ ಎತ್ತಿದಳು. ನಿನ್ನೆ ಸಂಜೆ ತಮ್ಮನ ಗಲಾಟೆ ತಾಳಲಾರದೆ ಕಾರಿನಲ್ಲಿ ಕೂತು ಲೈಬ್ರರಿ ಪುಸ್ತಕ ಓದಿದ್ದಳು. ಲೈಟ್ ಹಾಕಿದ್ದು ನೆನಪಿತ್ತು. ಆರಿಸಿದ್ದು?

"ಹೋದ ತಿಂಗಳು ಹೆಡ್‌ಲೈಟ್ ಮರೆತೆ, ಈಗ ಇದು," ಎಂದರು ಅಪ್ಪ. "ಸಾಕಮ್ಮ, ಇನ್ನು ನೀನು ಕಾರು ಓಡಿಸೋದು ಬೇಡ. ಕೀ ನನ್ನ ಹತ್ರ ಇರ್ಲಿ."

ಅಜ್ಜಿ ಮೂವತ್ತು ವರ್ಷ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿದವರು. ಮಾತಿಗೆ ಮಾತು ಕೊಡದೆ ಯಾರನ್ನೂ ಬಿಟ್ಟವರಲ್ಲ. ಇವತ್ತು ಮಾತ್ರ ಸಣ್ಣ ದನಿಯಲ್ಲಿ, "ನಾನೇ ಮರೆತಿರ್ಬೇಕು ಕಣೋ. ನನಗೆ ನೆನಪೇ ಆಗ್ತಿಲ್ಲ," ಎಂದರು.

ಬಾಯಿ ಬಿಡಬೇಕಾದ ಹೊತ್ತು ಅದೇ. ಎಂಜಿನಿಯರಮ್ಮ ಬಾಯನ್ನೇನೋ ಬಿಟ್ಟಳು.

"ಆಲ್ಟರ್ನೇಟರ್ ಕೆಟ್ಟಿರ್ಬಹುದು! ಬ್ಯಾಟರಿಗೆ ಚಾರ್ಜೇ ಆಗ್ತಿಲ್ವೇನೋ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇವಳು ಆಲ್ಟರ್ನೇಟರ್ ಮುಟ್ಟಿದಳು.

ಅಪ್ಪ ಫೋನ್ ಮಾಡಿದ್ದಕ್ಕೆ ಬೀದಿಯ ಕೊನೆಯಿಂದ ಮೆಕ್ಯಾನಿಕ್ ಮಾಮ ತಮ್ಮ ಕಾರು ತಂದು ಎದುರಿಗೆ ನಿಲ್ಲಿಸಿದರು. ಕೆಂಪು ಕೇಬಲ್ಲನ್ನು ಎರಡೂ ಬ್ಯಾಟರಿಗಳ ಪ್ಲಸ್ಸಿಗೆ ಹಾಕಿದರು. ಕಪ್ಪು ಕೇಬಲ್ಲಿನ ಒಂದು ತುದಿ ಅವರ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಈ ಕಾರಿನ ಎಂಜಿನ್ನಿನ ಕಬ್ಬಿಣಕ್ಕೆ. "ಕಿಡಿ ಹಾರಿದ್ರೂ ಬ್ಯಾಟರಿಯಿಂದ ದೂರ ಹಾರ್ಲಿ ಅಂತ," ಎಂದರು. ಅದೂ ಅವಳಿಗೆ ಗೊತ್ತಿತ್ತು. ಆದರೆ ಅವಳು ನೋಡುತ್ತಿದ್ದುದು ಅಜ್ಜಿಯನ್ನು.

ಅಜ್ಜಿ ಕೀ ತಿರುಗಿಸಿದರು. ಕಾರು ಗುರ್ರೆಂದಿತು. ಮಾಮ ಕೇಬಲ್ ಬಿಚ್ಚಿ, ಬ್ಯಾಟರಿಗೆ ಮೀಟರ್ ಹಿಡಿದರು.

"ಹದಿನಾಲ್ಕು ವೋಲ್ಟ್. ಆಲ್ಟರ್ನೇಟರ್ ಗಟ್ಟಿಮುಟ್ಟಾಗಿದೆ. ಲೈಟಿಂದಾನೇ ಇಳಿದಿರೋದು. ಈಗ ಎಂಜಿನ್ ಆಫ್ ಮಾಡ್ದೆ ಅರ್ಧ ಗಂಟೆ ಓಡಿಸಿ."

ಅಜ್ಜಿ ಬಾಗಿಲು ತೆಗೆದು ಇಳಿದರು. ಅಪ್ಪನಿಗೆ ಸ್ಟಿಯರಿಂಗ್ ಬಿಟ್ಟುಕೊಟ್ಟು ಪಕ್ಕದ ಸೀಟಿನ ಕಡೆಗೆ ನಡೆದರು. ಅಷ್ಟು ನಿಧಾನವಾಗಿ ಅವರು ಯಾವತ್ತೂ ನಡೆದಿರಲಿಲ್ಲ.

"ಅಜ್ಜಿ ಅಲ್ಲ!" ಎಂಜಿನಿಯರಮ್ಮ ಕೂಗಿಯೇಬಿಟ್ಟಳು. "ಲೈಟ್ ಹಾಕಿದ್ದು ನಾನು! ನಿನ್ನೆ ಒಳಗೆ ಕೂತು ಓದ್ತಿದ್ದೆ."

"ಏನು ಓದ್ತಿದ್ದೆ?" ಅಪ್ಪ ಕೇಳಿದರು.

ಅವಳು ಬ್ಯಾಗಿನಿಂದ ಪುಸ್ತಕ ತೆಗೆದಳು. ಮಾಮ ಅದರ ಹೆಸರನ್ನು ಗಟ್ಟಿಯಾಗಿ ಓದಿದರು. "ಕಾರಿನ ಬ್ಯಾಟರಿ ಕಾಪಾಡುವುದು ಹೇಗೆ?"

ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪುಸ್ತಕದ ಬದನೆಕಾಯಿ ಅಂದ್ರೆ ಇದೇ ನೋಡಮ್ಮಾ!"

'ಒಳಗಿನ ದೀಪ ಆರಿಸಲು ಮರೆಯಬೇಡಿ' ಎಂಬ ಸಾಲನ್ನೂ ಅವಳು ನಿನ್ನೆ ಅದೇ ದೀಪದ ಕೆಳಗೆ ಓದಿದ್ದಳು. ಎಂಥೆಂಥ ಪೆದ್ದರಿರ್ತಾರಪ್ಪ ಎಂದು ನಕ್ಕೂ ಇದ್ದಳು. ಈಗ ಬಾನೆಟ್ಟಿನೊಳಗೆ ಹೊಕ್ಕು ಮುಚ್ಚಿಕೊಳ್ಳೋಣ ಎನ್ನಿಸಿತು.

ಅಪ್ಪ ನಗಲಿಲ್ಲ. ಡ್ರೈವರ್ ಬಾಗಿಲನ್ನು ಹಿಡಿದು ನಿಂತು ಅಜ್ಜಿಗೆ, "ಬಾಮ್ಮಾ, ಹತ್ತು," ಎಂದರು.

ಶಾಲೆ ಹತ್ತೇ ನಿಮಿಷದ ದಾರಿ. ಬ್ಯಾಟರಿಗೆ ಅರ್ಧ ಗಂಟೆ ಬೇಕು. ಅಜ್ಜಿ ಶಾಲೆಯ ಗೇಟ್ ದಾಟಿ ಇನ್ನೊಂದು ಸುತ್ತು ಹೊರಟರು. ಪಕ್ಕದಲ್ಲಿ ಎಂಜಿನಿಯರಮ್ಮ ಪುಸ್ತಕವನ್ನು ಬ್ಯಾಗಿನ ತಳಕ್ಕೆ ತುರುಕಿ ಕೂತಿದ್ದಳು.

"ಹಾಗಾದ್ರೆ ನಾನು ಮರೆತಿರ್ಲಿಲ್ಲ," ಎಂದರು ಅಜ್ಜಿ.

"ಇಲ್ಲ ಅಜ್ಜಿ."

ಸಿಗ್ನಲ್ ಹತ್ತಿರ ಮತ್ತೆ ಕೇಳಿದರು. "ನಿಜವಾಗ್ಲೂ ನೀನೇ ತಾನೆ?"

"ನಾನೇ. ಆರಿಸದೆ ಹೋದೋಳೂ ನಾನೇ."

ಅಜ್ಜಿ ದೀರ್ಘವಾಗಿ ಉಸಿರು ಬಿಟ್ಟು ಗೇರ್ ಹಾಕಿದರು. ಸೇತುವೆ ದಾಟಿದ ಮೇಲೆ ಇನ್ನೊಮ್ಮೆ ಕೇಳಿದರು. ಎಷ್ಟು ಸಲ ಕೇಳ್ತೀಯಜ್ಜಿ ಎನ್ನಲು ಹೊರಟವಳು ಅಜ್ಜಿಯ ಮುಖದಲ್ಲಿ ಇನ್ನೂ ಉಳಿದಿದ್ದ ಅಂಜಿಕೆ ಕಂಡು ತಡೆದುಕೊಂಡಳು.

"ನಾನೇ ಅಜ್ಜಿ," ಎಂದಳು, ಮೊದಲನೆಯ ಸಲ ಹೇಳುವವಳ ಹಾಗೆ.