ದೊಡ್ಡಬಸಮ್ಮನ ಉಯಿಲು

೧೯೬೭ರ ಜೂನ್ ೧೨, ಸೋಮವಾರ ಬೆಳಿಗ್ಗೆ ಮಾಂಬಳ್ಳಿಯ ಗುರುಸಿದ್ದಯ್ಯ ಯಳಂದೂರು ಠಾಣೆಗೆ ಬಂದು ದೂರು ಕೊಟ್ಟ. ಅವನ ತಾಯಿ ದೊಡ್ಡಬಸಮ್ಮ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದಳು. ತನ್ನ ಹೆಸರಿನಲ್ಲಿದ್ದ ಮನೆಯನ್ನು ಆಕೆ ಪೂರ್ತಿಯಾಗಿ ಮಗಳು ಚನ್ನಮಲ್ಲಮ್ಮನಿಗೆ ಬರೆದಿದ್ದ ಉಯಿಲು ಈಗ ಹೊರಬಿದ್ದಿತ್ತು. ಅದು ಮಾರ್ಚ್ ತಿಂಗಳಲ್ಲಿ ನೋಂದಣಿಯಾದದ್ದು.

"ಮಾರ್ಚಲ್ಲಿ ನಮ್ಮವ್ವ ಮಗ್ಗುಲೇ ಬದಲಾಯಿಸ್ತಿರ್ಲಿಲ್ಲ ಸಾ. ಸೊಂಟ ಮುರಕಂಡು ಬಿದ್ದಿದ್ದೋಳು ಕಚೇರಿ ಮೆಟ್ಲು ಎಂಗೆ ಅತ್ತಿದ್ಲು?"

"ನೋಡಿಕೊಂಡವರು ಯಾರು?" ಸಬ್ ಇನ್‌ಸ್ಪೆಕ್ಟರ್ ಶಿವನಂಜಯ್ಯ ಕೇಳಿದರು.

"ಅವಳೇ, ನಮ್ ತಂಗಿ. ಗಂಡ ಸತ್ತ್ ಮ್ಯಾಕೆ ಅಲ್ಲೇ ಬಂದ್ ಇದ್ಕಂಡವ್ಳೆ."

"ನೀನು?"

"ನಂಗೆ ಗದ್ದೆ ಕೆಲ್ಸ ಇರ್ತದಲ್ಲ ಸಾ."

"ಗದ್ದೆ ಯಾರ ಹೆಸರಲ್ಲಿದೆ?"

"ನಂದೇ."

ಶಿವನಂಜಯ್ಯ ಎಫ್‌ಐಆರ್ ದಾಖಲಿಸಿದರು. ಉಯಿಲು ಬಿದ್ದುಹೋದರೆ ಮನೆಯಲ್ಲಿ ಅರ್ಧ ಅಣ್ಣನ ಪಾಲಾಗುತ್ತದೆ. ಎರಡು ಅಂಕಣದ ಮನೆಯಲ್ಲಿ ಅರ್ಧವೆಂದರೆ ಚನ್ನಮಲ್ಲಮ್ಮ ಎದ್ದು ಹೋಗಬೇಕು ಎಂದೇ ಅರ್ಥ.

ತನಿಖೆ ಮೊದಲ ಹೆಜ್ಜೆಯಲ್ಲೇ ನಿಂತಿತು. ಉಯಿಲಿನ ಹೆಬ್ಬೆಟ್ಟಿನ ಗುರುತನ್ನು ಹೋಲಿಸಿ ನೋಡಲು ಮುದುಕಿಯ ಹಳೆಯ ಗುರುತು ಬೇಕು. ಹಳೆಯ ಕ್ರಯಪತ್ರವೊಂದರಲ್ಲಿ ಇತ್ತು, ಆದರೆ ಮಸಿ ಹರಡಿ ಬರೀ ಕಪ್ಪು ಬೊಟ್ಟಾಗಿತ್ತು. ಹಳೆಯ ಹೆಬ್ಬೆಟ್ಟುಗಳ ಪುಸ್ತಕಕ್ಕಾಗಿ ನೋಂದಣಿ ಕಚೇರಿಗೆ ಹೋದರೆ ಕಪಾಟಿನ ಬೀಗದ ಕೈ ಗುಮಾಸ್ತರ ಹತ್ತಿರ, ಗುಮಾಸ್ತರು ರಜೆಯಲ್ಲಿ. ಮತ್ತೆ ಹೋದಾಗ ಗುಮಾಸ್ತರಿದ್ದರು, ಸಾಹೇಬರಿರಲಿಲ್ಲ. ಅವರ ಅಪ್ಪಣೆಯಿಲ್ಲದೆ ಪುಸ್ತಕ ತೆಗೆಯುವಂತಿಲ್ಲವಂತೆ.

"ಪೊಲೀಸ್ನೋರ್ಗೇ ಇಂಗೆ, ಇನ್ ಹಳ್ಳಿಯೋರ ಗತಿ ಏನು ಸಾ?" ಎಂದ ಕಾನ್‌ಸ್ಟೇಬಲ್ ಮಾದಣ್ಣ, ಗುಮಾಸ್ತರಿಗೆ ಕೇಳುವಂತೆಯೇ.

ಶಿವನಂಜಯ್ಯ ಹಲ್ಲು ಕಚ್ಚಿಕೊಂಡು ಬೆಂಚಿನ ಮೇಲೆ ಕೂತು ಗುಮಾಸ್ತರನ್ನು ಕೇಳಿದರು, "ಆ ಅಜ್ಜಿ ನಿಮಗೆ ನೆನಪಿದೆಯೆ?"

"ಚೆನ್ನಾಗಿ ನೆನಪಿದೆ. ಗಟ್ಟಿ ಮುದುಕಿ. ಈ ಕಡೆ ಹೆಂಗಸರನ್ನು ಗಂಡನ ಹೆಸರು ಕೇಳಿದರೆ ಅರ್ಧ ಗಂಟೆ ಬೇಕು, ಸೆರಗು ಬಾಯಿಗೆ ಇಟ್ಟುಕೊಂಡು ಪಕ್ಕದವರ ಮುಖ ನೋಡುತ್ತಾರೆ. ಈಕೆ ನಾನು ಕೇಳಿ ಮುಗಿಸುವಷ್ಟರಲ್ಲಿ 'ಕೆಂಪನಂಜಪ್ಪ' ಅಂದಳು. ಎಲ್ಲರೂ ಹಾಗಿದ್ದರೆ ನಮಗೆ ಎಷ್ಟು ನೆಮ್ಮದಿ!"

ಶಿವನಂಜಯ್ಯ ಎದ್ದು ನಿಂತರು. ಅವರ ಸ್ವಂತ ತಾಯಿ ರೇಷನ್ ಕಾರ್ಡಿನವರ ಮುಂದೆ ಕೂಡ ಅವರ ತಂದೆಯ ಹೆಸರು ಹೇಳಿದವಳಲ್ಲ. ಪುಸ್ತಕ ಇನ್ನು ಯಾವಾಗ ಬೇಕಾದರೂ ಬರಲಿ ಎಂದು ಮಾಂಬಳ್ಳಿಯ ಕಡೆ ಹೊರಟರು.

ಚನ್ನಮಲ್ಲಮ್ಮ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಪಕ್ಕದಲ್ಲಿ ನೆರೆಮನೆಯ ಶಂಕರಮ್ಮ ಕೂತಿದ್ದಳು, ಎಪ್ಪತ್ತರ ವಿಧವೆ. ಖಾಕಿ ಕಂಡದ್ದೇ ಶಂಕರಮ್ಮ ಏಳಲು ಹೋದಳು.

"ಕೂತ್ಕೊ ಅಜ್ಜಿ. ಹೆಸರು?"

"ಶಂಕರಮ್ಮ ಕಣಪ್ಪ."

"ಗಂಡನ ಹೆಸರು?"

ಶಂಕರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್, ಅದ್ನ ನನ್ ಬಾಯಲ್ ಏಳುಸ್ತೀಯಾ? ಸತ್ತೋಗಿ ಇಪ್ಪತ್ತೊರ್ಸ ಆಯ್ತು, ಆದ್ರೂ ಬರಕಿಲ್ಲ. ಚನ್ನಿ, ನೀನೇ ಏಳವ್ವ."

"ಬೇಡ ಬಿಡು. ದೊಡ್ಡಬಸಮ್ಮನ ಗಂಡನ ಹೆಸರೇನು?"

"ಕೆಂಪನಂಜಪ್ಪ."

ಮೊರ ನಿಂತಿತು.

"ಕಚೇರಿಯಲ್ಲೂ ಇಷ್ಟೇ ಬೇಗ ಹೇಳಿದೆಯಂತಲ್ಲ ಅಜ್ಜಿ?"

ಮಾತಾಡಿದವಳು ಚನ್ನಮಲ್ಲಮ್ಮ. "ಅವ್ಳ್ನ ಬುಟ್ಬುಡಿ ಸಾ. ಅವ್ವನ್ ಬದ್ಲು ಕರ್ಕಂಡೋದೋಳು ನಾನು."

ಮಾದಣ್ಣ ಹೇಳಿಕೆ ಬರೆದುಕೊಂಡ. ದೊಡ್ಡಬಸಮ್ಮ ಮನೆಯನ್ನು ಮಗಳಿಗೇ ಬರೆಸಬೇಕೆಂದು ಹಟ ಹಿಡಿದಿದ್ದಳು. ಪತ್ರ ಬರೆಯುವವನ ಮುಂದೆ ಕೂತು ಒಂದೊಂದು ಮಾತನ್ನೂ ತಾನೇ ಹೇಳಿದ್ದಳು. ಮೊದಲ ಸಲ ಗಾಡಿಯಲ್ಲಿ ಹುಲ್ಲು ಹಾಸಿ ಕರೆದೊಯ್ದರೆ ಸಾಹೇಬರು ಕ್ಯಾಂಪು ಹೋಗಿದ್ದರು. ಎರಡನೇ ಸಲ ಸಂಜೆಯವರೆಗೆ ಕಾಯಿಸಿ, ಕಂದಾಯದ ರಸೀದಿ ಹೊಸದು ಬೇಕೆಂದು ಕಳಿಸಿದರು. ವಾಪಸು ಬರುವಾಗ ಗಾಡಿಯಿಂದ ಇಳಿಸುವುದರಲ್ಲಿ ಮುದುಕಿ ಜಾರಿ ಬಿದ್ದಳು. ಸೊಂಟ ಮುರಿದದ್ದು ಆಗಲೇ.

"ಆಮ್ಯಾಕೆ ದಿನಾ ಒಂದೇ ಮಾತು ಸಾ. 'ಕಾಗ್ದ ಆಯ್ತಾ ಚನ್ನಿ, ಕಾಗ್ದ ಆಯ್ತಾ' ಅಂತ. ಕಚೇರಿಲಿ ಕೇಳುದ್ರೆ 'ಕರ್ಕಂಡ್ ಬಾ' ಅಂತಾರೆ. ಎಂಗೆ ಕರ್ಕಂಡ್ ಓಗ್ಲಿ? ಅವ್ವ ಬಾಯಾರೆ ಏಳಿದ್ದೇ ಸಾ ಬರ್ಸಿರದು. ಒಂದಕ್ಸರಾನೂ ನಂದಲ್ಲ."

"ಹೆಬ್ಬೆಟ್ಟು ಅವಳದಲ್ಲವಲ್ಲಮ್ಮ."

"ಮತ್ತೇನ್ ಮಾಡ್ಬೇಕಿತ್ತು ನಾನು? ಏಳಿ ಸಾ."

ಉತ್ತರ ಶಿವನಂಜಯ್ಯನವರಿಗೆ ಗೊತ್ತಿತ್ತು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಬರೆಸಿ, ಚಾಪೆಯ ಪಕ್ಕ ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು ಮುದುಕಿಯ ಹೆಬ್ಬೆಟ್ಟು ಒತ್ತಿಸಿದ್ದರೆ ಸಾಕಿತ್ತು. ನೋಂದಣಿಯೇ ಬೇಕೆಂದರೂ, ಕಾಯಿಲೆಯವರ ಮನೆಗೆ ಅಧಿಕಾರಿಯೇ ಬರಲು ಅರ್ಜಿ ಹಾಕಬಹುದಿತ್ತು. ಅವಳು ಅಷ್ಟು ಸಲ ಮೆಟ್ಟಿಲು ಹತ್ತಿದ್ದರೂ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಅದನ್ನು ಹೇಳಿ ಅವಳ ಹೊಟ್ಟೆ ಉರಿಸಲು ಅವರಿಗೆ ಮನಸ್ಸಾಗಲಿಲ್ಲ.

ಪಂಚರ ಸಮಕ್ಷಮದಲ್ಲಿ ಶಂಕರಮ್ಮನ ಹೆಬ್ಬೆಟ್ಟಿನ ಗುರುತು ಪಡೆದು ಪಂಚನಾಮೆ ಬರೆಸಿದರು. ಸಂಜೆ ನಾಲ್ಕಕ್ಕೆ ಇಬ್ಬರನ್ನೂ ದಸ್ತಗಿರಿ ಮಾಡಲಾಯಿತು. ಬೀದಿಯ ತಿರುವಿನಲ್ಲಿ ಗುರುಸಿದ್ದಯ್ಯ ಕಾದಿದ್ದ. "ಅಂಗಾರೆ ಅರ್ಧ ಮನೆ ನಂದಾಯ್ತಲ್ವಾ ಸಾ?"

"ದಾರಿ ಬಿಡಯ್ಯ," ಎಂದರು ಶಿವನಂಜಯ್ಯ.

ಬಸ್ಸಿಗೆ ಕಾಯುವಾಗ ಶಂಕರಮ್ಮ ಚನ್ನಮಲ್ಲಮ್ಮನ ತೋಳು ಹಿಡಿದಿದ್ದಳು. "ಅಲ್ಲೂ ಗಂಡನ್ ಹೆಸ್ರು ಕೇಳ್ತಾರೇನವ್ವ?" ಎಂದು ಕೇಳುತ್ತಿದ್ದಳು.

ಮರುದಿನ ಆರೋಪಿಗಳನ್ನು ಕೊಳ್ಳೇಗಾಲದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ವರದಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಮಾದಣ್ಣ ವಾಡಿಕೆಯಂತೆ 'ಆಸ್ತಿಯ ಆಸೆ' ಎಂದು ಬರೆದಿಟ್ಟಿದ್ದ. ಶಿವನಂಜಯ್ಯ ಅದನ್ನು ಹೊಡೆದುಹಾಕಿ ತಾವೇ ಬರೆದರು: 'ತಾಯಿಯನ್ನು ಮೂರನೇ ಸಲ ಗಾಡಿ ಹತ್ತಿಸಲು ಆಗಲಿಲ್ಲ.'