ಪಲ್ಪರ್ ನಿಲ್ಲುವ ಸದ್ದು

ನನ್ನ ಬಲಗೈ ಪಲ್ಪರ್ ಮಿಷನ್ನಿನ ಬೆಲ್ಟಿನಿಂದ ಒಂದು ಗೇಣು ದೂರದಲ್ಲಿತ್ತು.

ಆಮೇಲೆ ಅರ್ಧ ಗೇಣು!

"ನಿಮ್ಗೆ ಹೇಳಿದ್ದು ಒಂದೇ ಕೆಲಸ, ನಿಶಾತ್," ಎಂದ ಸಂಜಯ್. ನನ್ನ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು. "ಮುದುಕಿ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಂಡು ಬನ್ನಿ ಅಂದೆ. ಮಿಷನ್ ಉಸಾಬರಿ ನಿಮಗ್ಯಾಕೆ ಬೇಕಿತ್ತು?"

ಬೆಲ್ಟು ಓಡುತ್ತಿತ್ತು. ಟಪ್... ಟಪ್... ಟಪ್...

ಗೋಡೆಯ ಸ್ವಿಚ್ಚಿನ ಪಕ್ಕದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಏಕಾಂತಯ್ಯ ನಿಂತಿದ್ದ. ಅವನ ಕೈ ಸ್ವಿಚ್ಚಿಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಎತ್ತಲಿಲ್ಲ.

ತಾಳಿ... ಅಲ್ಲಿಗೆ ಹೇಗೆ ಬಂದೆ ಅಂತ ಮೊದಲು ಹೇಳುತ್ತೇನೆ. ನೀವು ಕಾಫಿ ಕುಡಿಯಿರಿ, ಆರಿಹೋಗುತ್ತದೆ.

ನಾನು ಹತ್ತು ವರ್ಷ ಪೊಲೀಸ್ ಕಾನ್ಸ್‌ಟೇಬಲ್ ಆಗಿದ್ದವಳು. ಈಗ ಬಾಳ್ಳುಪೇಟೆಯಲ್ಲಿ ಟೈರ್ ಅಂಗಡಿಯ ಮೇಲೆ ಈ ಒಂದು ರೂಮು. ಬೋರ್ಡಿಲ್ಲ. ಪೊಲೀಸರಿಗೆ ಹೇಳಲಾಗದ ತಲೆನೋವು ಇರುವವರು ಮೆಟ್ಟಿಲು ಹತ್ತಿ ಬರುತ್ತಾರೆ.

ನಿಮ್ಮ ಹಾಗೇ.

ಸಂಜಯ್ ಬಂದದ್ದು ಡಿಸೆಂಬರಿನಲ್ಲಿ. ಮಾರನಹಳ್ಳಿ ಕಡೆಯ ಎಸ್ಟೇಟ್ ಸಾಹುಕಾರರ ಮಗ. 'ಗುಜರಿ' ಬ್ಯಾಂಡಿನ ಹಾಡುಗಾರ. ಅವರ ವಾದ್ಯಗಳು ನಿಮಗೆ ಗೊತ್ತೇ ಇರಬೇಕು. ಗಿಟಾರ್ ಒಂದು, ಮಿಕ್ಕದ್ದೆಲ್ಲ ಕಬ್ಬಿಣ! ಡೀಸೆಲ್ ಡ್ರಮ್ಮು, ಮರ ಕೊಯ್ಯುವ ಮಿಷನ್ನು, ತಗಡು, ಸರಪಳಿ. ಐದು ವರ್ಷ ಕಾಲೇಜು ಫೆಸ್ಟುಗಳಲ್ಲಿ ಜನ ಕಿವಿ ಮುಚ್ಚಿಕೊಂಡು ಎದ್ದು ಹೋದರು.

ಆಮೇಲೆ 'ಪಲ್ಪರ್' ಹಾಡು ಬಂತು.

ನಾಲ್ಕು ನಿಮಿಷ. ಒಂದು ಪದವೂ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ನಿನ ತಾಳ. ಎರಡನೇ ನಿಮಿಷಕ್ಕೆ ಒಂದು ಕಿರುಚಾಟ... ಕೇಳಿದವರ ಬೆನ್ನಹುರಿಯಲ್ಲಿ ಐಸು! ಬೆಂಗಳೂರು, ಪುಣೆ, ಗೋವಾ. ಅದರ ಮುಂದಿನ ತಿಂಗಳು ಜರ್ಮನಿಗೆ ಹೊರಟಿದ್ದರು. ಅಭಿಮಾನಿಗಳ ಕರಿ ಟೀಶರ್ಟಿನ ಮೇಲೆ ಬಿಳಿ ಅಕ್ಷರ: ಒಂದೇ ಟೇಕ್. ಕಟ್ ಇಲ್ಲ. ಪೇಸ್ಟ್ ಇಲ್ಲ.

ಪ್ರತಿ ಇಂಟರ್‌ವ್ಯೂನಲ್ಲೂ ಸಂಜಯ್ ಅದನ್ನೇ ಹೇಳುತ್ತಿದ್ದ. ಓಡುವ ಪಲ್ಪರ್ ಪಕ್ಕ ಮೈಕ್ ಇಟ್ಟು, ತಾನೇ ನಿಂತು ಕಿರುಚಿದ್ದಂತೆ.

"ಬೆಟ್ಟಮ್ಮ ಅಂತ ಒಬ್ಬಳು ಮುದುಕಿ," ಎಂದ. "ಪಾಳ್ಯದ ಕಡೆಯೋಳು. ಅವಳ ಮಗ ನಂಜುಂಡ ನಮ್ಮಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಪಲ್ಪರ್ ಬೆಲ್ಟಿಗೆ ಕೈ ಸಿಕ್ಕಿ ಸತ್ತ."

"ಕೇಸ್?"

"ಆಕ್ಸಿಡೆಂಟ್. ನಮ್ಮ ರೈಟರ್ ತಕ್ಷಣ ಸ್ವಿಚ್ ಆರಿಸಿದಾನೆ, ಸ್ಟೇಟ್‌ಮೆಂಟ್ ಕೊಟ್ಟಿದಾನೆ. ಫೈಲ್ ಕ್ಲೋಸ್."

"ಮುದುಕಿಗೇನು ಬೇಕಂತೆ?"

"ಹಾಡಲ್ಲಿ ಕಿರುಚೋದು ತನ್ನ ಮಗ ಅಂತಾಳೆ. ಈ ಸುತ್ತಲ್ಲಿ ಎಲ್ಲಿ ಶೋ ಆದ್ರೂ ಬಂದು ಮುಂದೆ ಕೂರ್ತಾಳೆ. ನನ್ನನ್ನೇ ನೋಡ್ತಾಳೆ!" ಒಂದು ಕಾಗದ ಮೇಜಿನ ಮೇಲಿಟ್ಟ. ಅದು ನನ್ನ ಮಗನ ಧ್ವನಿ ಅಲ್ಲ, ಇನ್ನು ಮುಂದೆ ಬರುವುದಿಲ್ಲ ಎಂದು ಬರೆದಿತ್ತು. "ಹೆಬ್ಬೆಟ್ಟು ತನ್ನಿ. ಹೇಗಾದ್ರೂ."

'ಹೇಗಾದ್ರೂ'... ನನ್ನ ಅನ್ನದ ಪದ ಅದು. ಒಪ್ಪಿಕೊಂಡೆ.

ಆ ವಾರ ಹಾಸನದಲ್ಲಿ ಶೋ. ನಾನೂ ಕರಿ ಟೀಶರ್ಟ್ ಹಾಕಿಕೊಂಡೆ. ಗೇಟಿನಲ್ಲಿ ಕೆಂಪು ಬಣ್ಣದ ಬಕೆಟ್ಟುಗಳು. ಎಲ್ಲರೂ ಬಲಗೈಯನ್ನು ಮೊಣಕೈವರೆಗೆ ಅದ್ದಿಕೊಂಡು ಒಳಗೆ ಹೋಗಬೇಕು. ಅದು ಅಭಿಮಾನಿಗಳೇ ಮಾಡಿಕೊಂಡ ಪದ್ಧತಿ. 'ಪಲ್ಪರ್' ಮಾತ್ರ ಸ್ಟೇಜಿನಲ್ಲಿ ಹಾಡುವುದಿಲ್ಲ, ಆ ಒಂದೇ ಟೇಕಿನ ರೆಕಾರ್ಡನ್ನೇ ಹಾಕುತ್ತಾರೆ. ಅದು ಶುರುವಾದೊಡನೆ ಮೂರು ಸಾವಿರ ಜನ ಕುಕ್ಕರುಗಾಲಲ್ಲಿ ಕೂರುತ್ತಾರೆ. ಉಸಿರೂ ಕೇಳುವುದಿಲ್ಲ. ಟಪ್... ಟಪ್... ಕಿರುಚಾಟ ಬಂದ ಕ್ಷಣ ಎಲ್ಲರೂ ಒಟ್ಟಿಗೆ ಜಿಗಿಯುತ್ತಾರೆ, ಕೆಂಪು ಕೈ ಮೇಲೆ! ಎದೆಯೊಳಗೆ ಲಾರಿ ಹಾದುಹೋದ ಹಾಗೆ. ಸುಳ್ಳು ಹೇಳುವುದಿಲ್ಲ, ನಾನೂ ಜಿಗಿದೆ.

ಜಿಗಿಯದವಳು ಒಬ್ಬಳೇ. ಮುಂದಿನ ಸಾಲಿನಲ್ಲಿ, ಗೋಣಿತಟ್ಟಿನ ಮೇಲೆ, ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡ ಬೆಟ್ಟಮ್ಮ. ಹುಡುಗರು ಅವಳನ್ನು 'ರಾಕ್ ಅಜ್ಜಿ' ಎನ್ನುತ್ತಿದ್ದರು. ಅವಳ ಕೊರಳಿಗೆ ಕೆಂಪು ಕೈ ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವಳ ಸೀರೆಯ ತುಂಬ ಕೈ ಗುರುತು.

ಊರಿಗೆ ಬಿಡುತ್ತೇನೆಂದು ಜೀಪಿಗೆ ಹತ್ತಿಸಿಕೊಂಡೆ. ಆಲೂರು ದಾಟಿ ಜೀಪು ನಿಲ್ಲಿಸಿ ಕಾಗದ ತೆಗೆದೆ.

"ಒತ್ತು. ನಿನ್ನ ಅಳಿಯ ಆಟೋ ಓಡಿಸ್ತಾನಂತೆ. ರಸ್ತೇಲಿ ಏನು ಬೇಕಾದ್ರೂ ಆಗುತ್ತೆ."

ಹೌದು, ಹಾಗೇ ಹೇಳಿದೆ. ಮುಖ ಸಿಂಡರಿಸಬೇಡಿ. ನೀವು ನನ್ನ ಹತ್ತಿರ ಬಂದಿರುವುದೂ ಇಂಥದ್ದಕ್ಕೇ.

ಬೆಟ್ಟಮ್ಮ ಹೆದರಲಿಲ್ಲ. ಡಬ್ಬಿ ತೆಗೆದು ಅರ್ಧ ರೊಟ್ಟಿ ನನ್ನ ಕೈಗಿಟ್ಟಳು.

"ತಿನ್ನು ಮಗಾ. ಬೆಳಗ್ಗಿಂದ ಏನೂ ತಿಂದಿಲ್ಲ ಕಣೇ ನೀನು, ಮಕ ಹೇಳ್ತೈತೆ. ಹಾಡು ನಿಲ್ಸಿ ಅಂತ ನಾನೇನಾರಾ ಕೇಳಿದ್ನಾ?"

"ಮತ್ತೆ ಯಾಕೆ ಬರ್ತೀಯ?"

"ನನ್ ಮಗ ಅವ್ನಲ್ಲ ಅದ್ರಾಗೆ."

"ಅಜ್ಜಿ, ಅದು ಸಂಜಯ್ ಧ್ವನಿ!"

"ನಾ ಹೆತ್ತೋನ ಕೂಗು ನಂಗೆ ತಿಳೀದಾ?" ಡಬ್ಬಿಯ ಮುಚ್ಚಳ ಹಾಕಿದಳು. "ಅವ್ನು ಕೂಗ್ತಾನೆ... ಕೂಗು ನಿಂತೋಯ್ತದೆ. ಮಿಷನ್ ಮಾತ್ರ ಓಡ್ತಾನೇ ಇರ್ತದೆ. ಆಪ್ ಮಾಡ್ಬುಟ್ಟೆ ಅಂದಿದ್ರಲ್ಲ ರೈಟ್ರು? ಈ ಸಲನಾದ್ರೂ ನಿಲ್ತದೇನೋ ಅಂತ ಕೇಳಕ್ ಬತ್ತೀನಿ ಮಗಾ. ಒಂದ್ಸಲ ನಿಂತ್ರೆ ಸಾಕು. ಆಮ್ಯಾಕೆ ಬರಾಕಿಲ್ಲ."

ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ನನ್ನ ಅಬ್ಬಾ ಇದೇ ಬಾಳ್ಳುಪೇಟೆಯಲ್ಲಿ ಪಲ್ಪರ್ ರಿಪೇರಿ ಮಾಡುತ್ತಿದ್ದವರು. ಆ ಸದ್ದಿನಲ್ಲೇ ಬೆಳೆದವಳು ನಾನು. ಬೆಲ್ಟಿನ ಜೋಡಣೆ ಚಕ್ರಕ್ಕೆ ಬಡಿದರೆ ಟಪ್ ಎನ್ನುತ್ತದೆ. ಸ್ವಿಚ್ ಆರಿಸಿದೊಡನೆ ಮಿಷನ್ ನಿಲ್ಲುವುದಿಲ್ಲ. ಭಾರದ ಚಕ್ರ, ತಿರುಗುತ್ತಲೇ ನಿಧಾನವಾಗುತ್ತದೆ. ಟಪ್... ಟಪ್... ... ಟಪ್.

ಆ ರಾತ್ರಿ ಹಾಡನ್ನು ಹನ್ನೆರಡು ಸಲ ಕೇಳಿದೆ. ತಾಳ ಎಲ್ಲೂ ನಿಧಾನವಾಗಲಿಲ್ಲ! ಕಿರುಚಾಟದ ಮೊದಲು, ಕಿರುಚಾಟದ ನಡುವೆ, ಅದು ಮುಗಿದು ಎರಡು ನಿಮಿಷದವರೆಗೆ ಒಂದೇ ಸಮ.

ಕಿರುಚಿದ್ದು ಸಂಜಯ್ ಆದರೆ ಸರಿ.

ಕಿರುಚಿದ್ದು ನಂಜುಂಡ ಆದರೆ...? ಅವನ ಕೈ ಬೆಲ್ಟಿನಲ್ಲಿದ್ದಾಗ ಎರಡು ನಿಮಿಷ ಯಾರೂ ಮಿಷನ್ ಆರಿಸಿಲ್ಲ. ಕಟ್ ಇಲ್ಲ, ಪೇಸ್ಟ್ ಇಲ್ಲ. ಸಾವಿರಾರು ಜನ ಎದೆಯ ಮೇಲೆ ಬರೆದುಕೊಂಡು ತಿರುಗುತ್ತಿದ್ದಾರೆ!

ಮುಂದಿನ ಶನಿವಾರ ಐದು ಗಂಟೆಗೆ ಮಾರನಹಳ್ಳಿಯಲ್ಲಿ, ಸಂಜಯ್ ಎಸ್ಟೇಟಿನ ಕೆಳಗಿನ ಮೈದಾನದಲ್ಲೇ ಶೋ. ನಾಲ್ಕೂವರೆಗೆ ನಾನು ಪಲ್ಪರ್ ಶೆಡ್ಡಿನಲ್ಲಿದ್ದೆ.

"ಏಕಾಂತಯ್ಯನೋರೇ, ಮಿಷನ್ ಓಡಿಸಿ. ಆಮೇಲೆ ಆರಿಸಿ. ನಿಲ್ಲೋಕೆ ಎಷ್ಟು ಹೊತ್ತು ಬೇಕು, ನೋಡಬೇಕು."

ಅವನು ಓಡಿಸಿದ. ಆರಿಸಲಿಲ್ಲ. ನನ್ನ ಹಿಂದೆ ಯಾರನ್ನೋ ನೋಡುತ್ತಿದ್ದ.

ಈಗ ಮೊದಲಿಗೆ ಬನ್ನಿ. ಅರ್ಧ ಗೇಣು!

"ಎರಡು ನಿಮಿಷ, ಸಂಜಯ್!" ಎಂದು ಕೂಗಿದೆ. "ಯಾಕೆ ಆರಿಸಲಿಲ್ಲ?"

"ರೆಕಾರ್ಡ್ ಆಗ್ತಿತ್ತು." ದನಿಯಲ್ಲಿ ನಾಚಿಕೆಯಿರಲಿಲ್ಲ. "ಐದು ವರ್ಷದಿಂದ ಆ ಸೌಂಡಿಗೆ ಹುಡುಕ್ತಿದ್ದೆ. ಹೆಡ್‌ಫೋನಲ್ಲಿ ಕೇಳ್ತಾ ಇದ್ದೆ... ಎಂಥಾ ಸೌಂಡ್! ಆರಿಸಿದ್ರೆ ಟೇಕ್ ಹಾಳಾಗೋದು."

"ಏಕಾಂತಯ್ಯಾ! ಆರಿಸು!"

ಸಂಜಯ್ ಅವನ ಕಡೆ ತಿರುಗಿದ. ತುಟಿಯ ಮೇಲೆ ಬೆರಳಿಟ್ಟ.

"ಶ್..."

ಅದೇ ಅವನು ಮಾಡಿದ ತಪ್ಪು. ಆ ಬೆರಳು ನೋಡಿದ್ದೇ ಏಕಾಂತಯ್ಯನ ಮುಖ ಮಡಕೆಯ ಹಾಗೆ ಒಡೆಯಿತು. ಕೈ ಎತ್ತಿದ. ಸ್ವಿಚ್ ಬಡಿದ!

ಬೆಲ್ಟು ಇನ್ನೂ ತಿರುಗುತ್ತಿತ್ತು. ಸಂಜಯ್ ನನ್ನ ಕೈಯನ್ನು ತಳ್ಳಿಯೇಬಿಟ್ಟ.

ಒಂಬತ್ತು ಸೆಕೆಂಡು. ಕಿರುಚುತ್ತಲೇ ಎಣಿಸಿದೆ. ಮಿಷನ್ ನಿಲ್ಲುವಷ್ಟರಲ್ಲಿ ಎರಡು ಬೆರಳು ನನ್ನವಾಗಿರಲಿಲ್ಲ.

ಸಂಜಯ್ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ.

"ನಿಮ್ಮ ಸೌಂಡ್ ಚೆನ್ನಾಗಿಲ್ಲ, ನಿಶಾತ್," ಎಂದ. ವಾಚು ನೋಡಿಕೊಂಡ. "ಶೋ ಮುಗಿಸ್ಕೊಂಡು ಬರ್ತೀನಿ."

ಹೊರಗಿನಿಂದ ಬೀಗ ಬಿತ್ತು. ಬಾಗಿಲ ಹೊರಗೆ ಅವನ ಇಬ್ಬರು ಆಳುಗಳು.

ಏಕಾಂತಯ್ಯ ತನ್ನ ಟವೆಲ್ ಹರಿದು ನನ್ನ ಕೈ ಬಿಗಿದ. ಅಳುತ್ತಿದ್ದ. "ಅವತ್ತೂ ಆರ್ಸಕ್ ಹೋದೆ ಕಣವ್ವಾ. ಚಿಕ್ ಸಾವ್ಕಾರ್ರು ಹಿಂಗೇ ಶ್ ಅಂದ್ಬುಟ್ರು. ಮೂವತ್ತೊರ್ಸದಿಂದ ಅವರ್ ಮಾತು ಮೀರ್ದೋನಲ್ಲ... ನಿಂತ್ಬುಟ್ಟೆ."

"ಅತ್ತಿದ್ದು ಸಾಕು. ಸಿಪ್ಪೆ ಹೋಗೋ ತೂತು ಎಲ್ಲಿದೆ?"

ಕಾಫಿ ಸಿಪ್ಪೆ ನೀರಿನ ಜೊತೆ ಹಿಂದಿನ ಗುಂಡಿಗೆ ಹರಿದುಹೋಗುವ ತೂತು. ನಾಯಿ ನುಸುಳುವಷ್ಟು ಅಗಲ. ಹೊಟ್ಟೆಯ ಮೇಲೆ ತೆವಳಿದೆವು. ಕೊಳೆತ ಸಿಪ್ಪೆಯ ಹುಳಿ ನಾತ ಮೂಗಿನೊಳಗೆ, ಬಾಯೊಳಗೆ. ಎದ್ದು ಎಸ್ಟೇಟಿನ ಜೀಪಿನ ಕಡೆ ಓಡುವಾಗ ಕೂಗು ಕೇಳಿತು.

"ಲೇ! ತಪ್ಪಿಸ್ಕೊಂಡ್ರು ಕಣ್ಲಾ!"

ಇಬ್ಬರೂ ಬೈಕಿನಲ್ಲಿ ಅಡ್ಡ ಬಂದರು. ಗುಂಡಿಯ ಅಂಚು ಹಿಡಿದರು... ಕಾಫಿ ಸಿಪ್ಪೆಯ ಲೋಳೆಯ ಮೇಲೆ ಬ್ರೇಕ್ ಹಾಕಬಾರದು. ಹಾಕಿದರು! ಬೈಕು ಒಂದು ಕಡೆ, ಅವರು ಗುಂಡಿಯೊಳಗೆ, ಕುತ್ತಿಗೆವರೆಗೆ.

ಜೀಪಿನ ಬೀಗದ ಕೈ ಏಕಾಂತಯ್ಯನ ಸೊಂಟದ ಗೊಂಚಲಿನಲ್ಲಿತ್ತು. ಅವನಿಗೆ ಓಡಿಸಲು ಬರದು. ಗೇರು ನಾನು ಎಡಗೈಯಲ್ಲಿ ಹಾಕಿದೆ, ಸ್ಟೇರಿಂಗ್ ಅವನು ಪಕ್ಕದಿಂದ ಹಿಡಿದ. ತಿರುವು ತಿರುವಿಗೂ ಸಾವು ಮುಖ ತೋರಿಸಿತು.

ಮೈದಾನಕ್ಕೆ ಬಂದಾಗ 'ಪಲ್ಪರ್' ಶುರುವಾಗಿತ್ತು. ಮೂರು ಸಾವಿರ ಜನ ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನ ಕೈಯ ಟವೆಲ್ ನೆನೆದು ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ಮೇಕಪ್ ಸೂಪರ್!" ಎಂದಳು ಒಬ್ಬ ಹುಡುಗಿ. "ಎಲ್ಲಿ ಮಾಡಿಸಿದ್ರಿ?"

"ಇಲ್ಲೇ ಮೇಲೆ," ಎಂದೆ.

ಏಕಾಂತಯ್ಯನನ್ನು ಸ್ಟೇಜಿನ ಹಿಂದಿನ ಜನರೇಟರ್ ಕಡೆಗೆ ತಳ್ಳಿ, ಬೆಟ್ಟಮ್ಮನ ಪಕ್ಕ ಕುಸಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಟಪ್... ಟಪ್... ಟಪ್...

ಕಿರುಚಾಟ!

ಮೂರು ಸಾವಿರ ಕೆಂಪು ಕೈ ಮೇಲೆದ್ದವು.

ಆಗ ಎಲ್ಲ ನಿಂತಿತು. ಲೈಟು, ಸ್ಪೀಕರ್, ತಾಳ. ಹಿಂದುಗಡೆ ಜನರೇಟರ್ ಒಂದೇ ಉಸಿರು ಎಳೆದು... ನಿಧಾನವಾಗಿ... ಸತ್ತಿತು.

ಬೆಟ್ಟಮ್ಮ ಕಣ್ಣು ಬಿಟ್ಟಳು.

"ನಿಂತ್ತಾ ಮಗಾ?"

"ನಿಂತ್ತು ಅಜ್ಜಿ."

ಡಬ್ಬಿ ಎತ್ತಿಕೊಂಡಳು. ಗೋಣಿತಟ್ಟು ಮಡಚಿದಳು. ಸ್ಟೇಜಿನ ಕಡೆ ನೋಡದೆ, ಕೆಂಪು ಕೈಗಳನ್ನು ಸರಿಸಿಕೊಂಡು ಬಸ್ಸಿನ ರಸ್ತೆಗೆ ನಡೆದುಬಿಟ್ಟಳು.

ಏಕಾಂತಯ್ಯ ಸ್ಟೇಜ್ ಹತ್ತಿದ. ಮೈಕ್ ಇಲ್ಲದೆ ಕೂಗಿ ಹೇಳಿದ, ಕಿರುಚಿದ್ದು ಯಾರು, ಸ್ವಿಚ್ಚಿನ ಪಕ್ಕ ನಿಂತಿದ್ದವನು ಯಾರು, ಶ್ ಅಂದವನು ಯಾರು. ಜನ ಕೇಳಿದರೇ? ಅವರು ಕಾದಿದ್ದ ಕಿರುಚಾಟ ಅರ್ಧಕ್ಕೆ ನಿಂತಿತ್ತು! ಬಾಟಲಿ ಬಿತ್ತು. ಚಪ್ಪಲಿ ಬಿತ್ತು. ಒಂದು ಕಲ್ಲು ಹಣೆ ಒಡೆಯಿತು. ಮಾತು ಮುಗಿಸಿಯೇ ಬಿದ್ದ.

ಆದರೆ ಬಂದೋಬಸ್ತಿಗೆ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಕೇಳಿಸಿಕೊಂಡಿದ್ದರು. ನನ್ನ ಕೈಯನ್ನೂ ನೋಡಿದರು. ಮರುದಿನ ಅದೇ ಪಲ್ಪರ್ ಓಡಿಸಿ ಆರಿಸಿದರು. ಒಂಬತ್ತು ಸೆಕೆಂಡು. ಸಂಜಯ್‌ನ ಲಾಯರು ಕಿರುಚಾಟವನ್ನು ಆಮೇಲೆ ಸೇರಿಸಿದ್ದು ಎಂದು ವಾದಿಸಿದ. 'ಕಟ್ ಇಲ್ಲ, ಪೇಸ್ಟ್ ಇಲ್ಲ' ಎಂಬ ಅವನದೇ ಮಾತು ಬರೆದಿದ್ದ ನನ್ನ ಕರಿ ಟೀಶರ್ಟನ್ನು ನಾನು ಸಾಕ್ಷಿಗೆ ಕೊಟ್ಟೆ. ಈಗ ಅದು ಕೋರ್ಟಿನಲ್ಲಿದೆ, ಸಂಜಯ್ ಜೈಲಿನಲ್ಲಿದ್ದಾನೆ, ನನ್ನ ಎರಡು ಬೆರಳು ಸಿಪ್ಪೆ ಗುಂಡಿಯಲ್ಲಿವೆ. ಹಾಡನ್ನು ಕೇಳುವವರು ಎರಡರಷ್ಟಾಗಿದ್ದಾರೆ.

ಬೆಟ್ಟಮ್ಮ ಮಾತ್ರ ಇನ್ನೊಂದು ಸಲ ಕೇಳಿಲ್ಲ.

ಸರಿ. ನೀವೂ ಒಂದು ಬ್ಯಾಂಡಿನ ಮ್ಯಾನೇಜರ್ ಅಂದಿರಿ. ಯಾರೋ ಒಬ್ಬಳು ಹೆಂಗಸು ಪ್ರತಿ ಶೋಗೂ ಬಂದು ಸುಮ್ಮನೆ ಕೂರುತ್ತಾಳೆ ಅಂದಿರಿ. ಕೆಲಸ ಮಾಡಿಕೊಡುತ್ತೇನೆ. ಮೊದಲು ಒಂದೇ ಒಂದು ಪ್ರಶ್ನೆ...

ನಿಮ್ಮ ಹಾಡಿನಲ್ಲಿ ಕಿರುಚುವವನು ಬದುಕಿದ್ದಾನೆಯೇ?