ನೈಜೀರಿಯಾಕ್ಕೆ ಹೊರಟ ಟೀಚರ್

"ಯಜಮಾನರ ಹೆಸರು ಹೇಳ್ರಿ," ಎಂದ ಗವಿಸಿದ್ದಪ್ಪ, ಟೈಪ್‌ರೈಟರಿಗೆ ಹಾಳೆ ಏರಿಸುತ್ತ.

"ಯಾವ ಯಜಮಾನರು?"

"ನೈಜೀರಿಯಾಕ ಹೋಗೋರು. ಅರ್ಜಿ ಅವರದಲ್ಲೇನ್ರಿ?"

ಎದುರಿಗೆ ಕೂತವಳು ಪತ್ರಿಕೆಯಿಂದ ಕತ್ತರಿಸಿ ತಂದ ಜಾಹೀರಾತನ್ನು ಅವನತ್ತ ಸರಿಸಿದಳು. "ಹೋಗಾಕಿ ನಾನು. ಚನ್ನವೀರಮ್ಮ, ಬಿ.ಎ., ಬಿ.ಎಡ್. ಸ್ಪೆಲಿಂಗ್ ಹೇಳ್ಲೇನು, ಬರ್ತೈತೊ?"

ಆಕೆಯ ಕಣ್ಣಂಚಿನಲ್ಲಿ ನಗು ಇಣುಕಿತು. ಗವಿಸಿದ್ದಪ್ಪನ ಬೆರಳುಗಳು ಕೀಲಿಗಳ ಮೇಲೆ ನಿಂತೇಬಿಟ್ಟವು.

ಅದು ೧೯೭೬. ಬಳ್ಳಾರಿಯ ಕೌಲ್ ಬಜಾರಿನ ಆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಎಂಟು ವರ್ಷದಿಂದ ಅವನು ಕಂಡದ್ದು ರಜೆಯ ಅರ್ಜಿ, ವರ್ಗಾವಣೆಯ ಅರ್ಜಿ, ಅಷ್ಟೇ. ಸಮುದ್ರ ದಾಟುವ ಅರ್ಜಿ ಇದೇ ಮೊದಲು. ಎರಡು ವರ್ಷದ ಮಟ್ಟಿಗೆ ಗಂಡುಹುಡುಗರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ. ಅವನು ಉಸಿರು ಬಿಗಿಹಿಡಿದು ಟೈಪ್ ಮಾಡಿದ. ಒಂದೂ ತಪ್ಪಾಗಲಿಲ್ಲ.

ತಿಂಗಳೆರಡು ಕಳೆದು ಆಕೆ ಮತ್ತೆ ಬಂದಳು. ಮದರಾಸಿನಲ್ಲಿ ಇಂಟರ್‌ವ್ಯೂ. ಅಧಿಕಾರಿಗಳ ಮುಂದೆ ನಿಂತು ಪಾಠ ಮಾಡಿ ತೋರಿಸಬೇಕಂತೆ.

"ಅಲ್ಲಿ ಒಂದು ಕ್ಲಾಸಿಗೆ ಅರವತ್ತು ಹುಡುಗರಂತ," ಅಂದಳು. "ಇಲ್ಲಿ ನಮ್ಮ ಸ್ಕೂಲಿನ್ಯಾಗ ನನ್ನ ದನಿ ಮೂರನೇ ಬೆಂಚು ದಾಟಂಗಿಲ್ಲ."

"ನಮ್ಮೂರು ಕುರುಗೋಡ್ರಿ. ಗುಡ್ಡ ಐತಿ. ಅಲ್ಲಿ ಬಂದು ಕೂಗ್ರಿ, ದನಿ ತಾನ ತಿಳೀತೈತಿ."

"ಗುಡ್ಡಕ್ಕ ಇಂಗ್ಲಿಷ್ ಬರ್ತೈತೇನ್ರಿ?"

"ನನಗೂ ಮಾತಾಡಾಕ ಬರಂಗಿಲ್ರಿ. ಇಬ್ಬರೂ ಕಲೀತೀವಿ."

ಆಕೆ ಗಟ್ಟಿಯಾಗಿ ನಕ್ಕಳು. ಆ ನಗು ಹಿಂದಿನ ಸಾಲಿನ ಟೈಪ್‌ರೈಟರ್‌ಗಳನ್ನೂ ದಾಟಿ ಬೀದಿಗೆ ಹೋಯಿತು. ಈ ದನಿಗೇನು ಕಮ್ಮಿ ಎಂದುಕೊಂಡ ಅವನು. ಹೇಳಲಿಲ್ಲ, ಹೇಳಿದ್ದರೆ ಆಕೆ ಕುರುಗೋಡಿಗೆ ಬರುತ್ತಿರಲಿಲ್ಲ.

ಭಾನುವಾರ ಗವಿಸಿದ್ದಪ್ಪನ ತಾಯಿ ಕೊಟ್ರಬಸಮ್ಮ ಬುತ್ತಿ ಕಟ್ಟಿಕೊಂಡು ಇಬ್ಬರ ಜೊತೆ ಗುಡ್ಡ ಹತ್ತಿದಳು. ಚನ್ನವೀರಮ್ಮ ಒಂದು ಹಾಸುಬಂಡೆಯ ಮೇಲೆ ನಿಂತಳು. ಮೊದಲ ಮಾತು ಗಾಳಿಗೆ ಹೋಯಿತು. ಎರಡನೆಯದು ಒಡೆಯಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆ ಹರಿಯುವ ಬಗೆಯನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ದನಿ ಬಂಡೆಯಿಂದ ಬಂಡೆಗೆ ಬಡಿದು ಮರಳಿ ಬಂತು. ಕೆಳಗೆ ಮೇಯುತ್ತಿದ್ದ ಆಡುಗಳು ತಲೆ ಎತ್ತಿದವು.

ಗವಿಸಿದ್ದಪ್ಪ ಆ ಭಾಷೆಯನ್ನು ಎಂಟು ವರ್ಷ ಬೆರಳಲ್ಲಿ ಕುಟ್ಟಿದ್ದ. ಅದಕ್ಕೆ ಹೀಗೊಂದು ಉಸಿರಿದೆ, ಬಿಸಿಲಿನಲ್ಲಿ ಅದು ಹೀಗೆ ನಿಲ್ಲುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

"ನನಗೊಂದೂ ತಿಳೀಲಿಲ್ಲ," ಎಂದಳು ಕೊಟ್ರಬಸಮ್ಮ ಮೆಲ್ಲಗೆ. "ಆದ್ರ ಇನ್ನೂ ಕೇಳಬೇಕು ಅನಸ್ತೈತಿ."

ಮದರಾಸಿನ ಇಂಟರ್‌ವ್ಯೂ ಗೆದ್ದು ಆಕೆಗೆ ನೈಜೀರಿಯಾದ ಕೆಲಸ ಸಿಕ್ಕಿತು. ಸಿರುಗುಪ್ಪದಲ್ಲಿ ಆಕೆಯ ತಂದೆ ಮರಿಬಸಪ್ಪ ಮಾತ್ರ ಬೇಡವೆಂದರು. ಲಗ್ನವಿಲ್ಲದ ಮಗಳನ್ನು ಒಬ್ಬಳೇ ಕಳಿಸಲಾರರಂತೆ. ಆಕೆ ಊರಿಗೆ ಹೋದವಳು ಹದಿನೈದು ದಿನವಾದರೂ ಬಳ್ಳಾರಿಗೆ ಮರಳಲಿಲ್ಲ. ಒಪ್ಪಿಗೆ ಪತ್ರ ಕಳಿಸಲು ವಾರವಷ್ಟೇ ಉಳಿದಿತ್ತು.

ಗವಿಸಿದ್ದಪ್ಪ ಸಿರುಗುಪ್ಪದ ಬಸ್ಸು ಹತ್ತಿದ.

"ನೀ ಯಾರಪ್ಪಾ ತಮ್ಮಾ?" ಎಂದರು ಪಡಸಾಲೆಯಲ್ಲಿ ಕೂತಿದ್ದ ಮರಿಬಸಪ್ಪ.

"ಅವರ ಅರ್ಜಿ ಟೈಪ್ ಮಾಡಿದಾವ್ರಿ. ಅವರನ್ನ ಕಳಸ್ರಿ ಅಂತ ಕೇಳಾಕ ಬಂದೀನಿ."

"ಲಗ್ನ ಮಾಡ್ಕೊಂಡು ಹೋಗಲಿ."

"ಮಾಡ್ಕೊಂಡಾವ ಬ್ಯಾಡ ಅಂದ್ರ?"

ಮುದುಕರು ಅವನನ್ನು ಅಡಿಯಿಂದ ಮುಡಿತನಕ ನೋಡಿದರು. "ನೀನಾಗಿದ್ರ ಏನಂತಿದ್ದಿ?"

"ನಾ ಬ್ಯಾಡ ಅನ್ನಂಗಿಲ್ರಿ. ಗುಡ್ಡದ ಮ್ಯಾಲ ಅವರ ಪಾಠ ಕೇಳೀನಿ. ಅಂಥಾ ದನಿ ತಡದು ನಿಲ್ಲಸಾಕ ನಾ ಯಾರು? ನನ್ನ ಮನಸ್ಸಿನ್ಯಾಗ ಒಂದು ಮಾತೈತಿ. ಅವರು ಹೋಗಿ ಬಂದ ಮ್ಯಾಲ ಕೇಳ್ತೀನಿ."

ಒಳಬಾಗಿಲ ಪರದೆ ಸರಿಯಿತು. ಚನ್ನವೀರಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅತ್ತು ಕೆಂಪಾದ ಕಣ್ಣು. ಆದರೂ ಅದೇ ತುಂಟ ನೋಟ.

"ಬಂದ ಮ್ಯಾಲ ಯಾಕ್ರಿ? ಈಗ ಕೇಳ್ರಿ."

ಅವನು ಮರಿಬಸಪ್ಪನವರತ್ತ ನೋಡಿದ. ಆಕೆಯೇ ಒಂದು ಹೆಜ್ಜೆ ಮುಂದೆ ಬಂದಳು.

"ಎರಡು ವರ್ಷ ಕಾಯಾಕ ಆಗ್ತೈತೇನ್ರಿ?"

"ಆಗ್ತೈತ್ರಿ."

"ಹಂಗಾದ್ರ ನನ್ನದು ಹೂಂ."

ಮರಿಬಸಪ್ಪ ಮಗಳತ್ತ ತಿರುಗಿದರು. ಹಿಂದೆಂದೂ ಮಗಳು ಅವರೆದುರು ಇಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಕೊನೆಗೆ, "ಊಟಕ್ಕ ಏಳಪ್ಪಾ," ಅಂದರು.

ಒಪ್ಪಿಗೆ ಪತ್ರ ಅಂಚೆಗೆ ಬಿತ್ತು. ಬಳ್ಳಾರಿ ಹತ್ತಿರದ ಹಲಕುಂದಿಯ ಮಠದಲ್ಲಿ ಮುಂಜಾನೆಯ ಲಗ್ನ, ಹತ್ತೇ ಜನ. ಕೆಲವು ವಾರಗಳಲ್ಲಿ ಪಾಸ್‌ಪೋರ್ಟು ಬಂತು. ಆಕೆಯನ್ನು ವಿಮಾನ ಹತ್ತಿಸಲು ಮುಂಬೈವರೆಗೆ ಯಾರು ಹೋಗಬೇಕೆಂಬ ಮಾತೆದ್ದಾಗ ಮಾವ ಅಳಿಯನ ಕೈ ಹಿಡಿದುಕೊಂಡರು. "ಎರಡು ವರ್ಷ ಕಾಯಾಂವ ನೀನು. ಮಗಳ ಜೋಡಿ ಈ ಎರಡು ದಿನ ನನಗ ಬಿಡು."

ಆಂಧ್ರದ ಗುಂತಕಲ್ಲಿನಲ್ಲಿ ಮುಂಬೈ ರೈಲು ನಿಂತಿತ್ತು. ಕಿಟಕಿಯ ಸರಳಿನ ಮೇಲೆ ಆಕೆಯ ಬೆರಳು, ಅದರ ಮೇಲೆ ಅವನದು.

"ಊಟ ಬಿಡಬ್ಯಾಡ್ರಿ," ಅಂದಳು. "ವಾರಕ್ಕೊಂದು ಪತ್ರ. ಟೈಪ್ ಮಾಡಂಗಿಲ್ಲ. ಕೈಲೆ ಬರೀಬೇಕು."

"ನನ್ನ ಅಕ್ಷರ ಕೆಟ್ಟ ಅದಾವು."

"ತಿದ್ದಾಕ ಟೀಚರ್ ಅದೀನಲ್ಲ."

ರೈಲು ಹೊರಟಿತು. ಅವನು ಅಳಲಿಲ್ಲ. ತನ್ನವಳು ಇಷ್ಟು ದೂರ, ಇಷ್ಟು ದೊಡ್ಡ ಲೋಕಕ್ಕೆ ಹೋಗುವುದನ್ನು ಬೆರಗಾಗಿ ನೋಡುತ್ತ ನಿಂತ. ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ತೆಲುಗಿನಲ್ಲಿ ಕೇಳಿದಳು, "ಹೋದವರು ಯಾರು, ನಾಯನಾ?"

"ನನ್ನ ಹೆಂಡತಿ. ಸಮುದ್ರ ದಾಟಿ ಪಾಠ ಹೇಳುವುದಕ್ಕೆ ಹೊರಟಿದ್ದಾಳೆ," ಎಂದ ಅವನೂ ತೆಲುಗಿನಲ್ಲೇ.

ಮುದುಕಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಗಂಟು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. "ಕೂತ್ಕೊ. ಅವಳ ವಿಷಯ ಹೇಳು."

ಗವಿಸಿದ್ದಪ್ಪ ಕೂತ. ಬಳ್ಳಾರಿಯ ಗಾಡಿ ಬರಲು ಇನ್ನೂ ಬೇಕಾದಷ್ಟು ಹೊತ್ತಿತ್ತು.